ಕೈ ಎಲ್ಲಿಡ್ಲಿ ಸ್ವಾಮಿ? ಅಪ್ಪನ ಜೊತೆ ಲಂಡನ್ನಿನಲ್ಲಿ ಒಂದು ವಾರ

ಅಪ್ಪ ತಿಪಟೂರಿನಲ್ಲಿ 38 ವರ್ಷ ಫೋಟೊ ಸ್ಟುಡಿಯೊ ನಡೆಸಿದರು. ಒಳಕೋಣೆಯಲ್ಲಿ ಒಂದು ಪರದೆ, ಅದರ ಮೇಲೆ ಕೆರೆ, ಬೆಟ್ಟ, ಎರಡು ಹಂಸ. ಎದುರಿಗೆ ಕೆತ್ತನೆ ಕೆಲಸದ ಒಂದು ಕುರ್ಚಿ. ಗೋಡೆಯ ಮೊಳೆಗೆ ಒಂದು ಕರಿ ಕೋಟು ನೇತಾಡುತ್ತಿತ್ತು. ಹೆಣ್ಣು ನೋಡಲು ಹೊರಟ ಹುಡುಗರು, ಎಸ್ಸೆಸ್ಸೆಲ್ಸಿ ಪಾಸಾದವರು, ರಿಟೈರಾದ ಮೇಷ್ಟ್ರುಗಳು, ಎಲ್ಲರಿಗೂ ಅದೇ ಕೋಟು. ದಪ್ಪಗಿದ್ದವರಿಗೆ ಬೆನ್ನ ಹಿಂದಿನ ಹೊಲಿಗೆ ಬಿಚ್ಚಿ ತೊಡಿಸುತ್ತಿದ್ದರು, ಮುಂದಿನಿಂದ ಗೊತ್ತಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: “ಕೈ ಎಲ್ಲಿಡ್ಲಿ ಸ್ವಾಮಿ?” ಅದಕ್ಕಂತಲೇ ಅಪ್ಪನ ಹತ್ತಿರ ಸಾಮಾನಿತ್ತು. ಲೈನಿಲ್ಲದ ಫೋನು, ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕ, ಪ್ಲಾಸ್ಟಿಕ್ ಗುಲಾಬಿ, ನಡೆಯದ ವಾಚು.

ಹೋದ ಸೆಪ್ಟೆಂಬರಿನಲ್ಲಿ ತಂಗಿ ನಮ್ಮಿಬ್ಬರನ್ನೂ ಲಂಡನ್ನಿಗೆ ಕರೆಸಿಕೊಂಡಳು. ಅಮ್ಮ ತೀರಿಕೊಂಡು ನಾಲ್ಕು ವರ್ಷ. ಅಪ್ಪನಿಗೀಗ 76. ನನಗೆ ಅಲ್ಲಿ ನೋಡಬೇಕಿದ್ದದ್ದು 18ನೇ ಶತಮಾನದ ಭಾವಚಿತ್ರಗಳು. ಅಪ್ಪ, “ಸತ್ತ ದೊರೆಗಳ ಮುಖ ನೋಡೋಕೆ ಅಷ್ಟು ದೂರ ಹೋಗ್ಬೇಕೇನವ್ವ?” ಅಂದರು. ಆದರೂ ಬಂದರು. ಬ್ಯಾಗಿನ ಅರ್ಧ ಭಾಗ ಕೊಬ್ಬರಿ.

ಮೊದಲ ದಿನ, ಶನಿವಾರ

ಇಳಿದದ್ದು ಮಧ್ಯಾಹ್ನ. ಸೋನೆ ಮಳೆ. ತಂಗಿಯ ಮನೆ ಹ್ಯಾರೋದಲ್ಲಿ. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿದ್ದಳು. ತಿಂದು ಮಲಗಿದೆವು. ರಾತ್ರಿ ಮೂರಕ್ಕೆ ಅಪ್ಪ ಎದ್ದು ಅಡುಗೆಮನೆಯಲ್ಲಿ ಕೂತಿದ್ದರು. ಕಿಟಕಿಯಾಚೆ ಒಂದು ನರಿ ಕಸದ ಡಬ್ಬಿ ಮೂಸುತ್ತಿತ್ತು. ಊರೊಳಗೇ ನರಿ! ಅಪ್ಪನಿಗೆ ಲಂಡನ್ ಇಷ್ಟವಾಗಿದ್ದು ಅಲ್ಲಿಂದಲೇ ಅಂತ ನನ್ನ ಲೆಕ್ಕ.

ಎರಡನೆಯ ದಿನ, ಭಾನುವಾರ

ನ್ಯಾಷನಲ್ ಗ್ಯಾಲರಿಗೆ ಟಿಕೆಟ್ ಇಲ್ಲ. ಬಾಗಿಲಲ್ಲಿ ಬ್ಯಾಗು ನೋಡುತ್ತಾರೆ, ಹಾಗಾಗಿ ಹತ್ತಕ್ಕೆ ಬಾಗಿಲು ತೆಗೆಯುವಾಗಲೇ ಹೋದರೆ ಒಳ್ಳೆಯದು. ಹನ್ನೊಂದರ ಹೊತ್ತಿಗೆ ಕ್ಯೂ ಹೊರಗಿನ ಚೌಕದವರೆಗೆ ಬಂದಿರುತ್ತೆ. ಇಟಲಿಯ ಸಂತರು, ಡಚ್ಚರ ಹಡಗುಗಳು, ಎಲ್ಲವನ್ನೂ ಅಪ್ಪ ಮೆರವಣಿಗೆ ನೋಡುವ ಹಾಗೆ ನೋಡಿಕೊಂಡು ನಡೆದರು. ವಿಲಿಯಂ ಹೋಗಾರ್ತ್‌ನ ಗ್ರಹಾಂ ಮಕ್ಕಳ ಚಿತ್ರದ ಮುಂದೆ ಮಾತ್ರ ನಿಂತುಬಿಟ್ಟರು.

ಬರೆದದ್ದು 1742ರಲ್ಲಿ. ರಾಜನಿಗೆ ಔಷಧಿ ಮಾಡಿಕೊಡುತ್ತಿದ್ದ ಡೇನಿಯಲ್ ಗ್ರಹಾಂನ ನಾಲ್ಕು ಮಕ್ಕಳು. ದೊಡ್ಡ ಹುಡುಗಿ ನೀಲಿ ಗೌನಿನಲ್ಲಿ ನೆಟ್ಟಗೆ ನಿಂತಿದ್ದಾಳೆ. ಒಂದು ಕೈಯಲ್ಲಿ ಚೆರ್ರಿ ಹಣ್ಣು ತೋರಿಸುತ್ತಾ ಇನ್ನೊಂದರಲ್ಲಿ ಪುಟ್ಟ ಮಗುವಿನ ಕೈ ಹಿಡಿದಿದ್ದಾಳೆ. ಚಿಕ್ಕವಳು ಲಂಗದ ಅಂಚು ಹಿಡಿದು ಕುಣಿಯುವ ಭಂಗಿಯಲ್ಲಿದ್ದಾಳೆ. ಬಲಗಡೆ ಹುಡುಗ ಒಂದು ಸಂಗೀತದ ಪೆಟ್ಟಿಗೆಯ ಹಿಡಿ ತಿರುಗಿಸುತ್ತಿದ್ದಾನೆ. ಮೇಲೆ ಪಂಜರದಲ್ಲಿ ಹಕ್ಕಿ ರೆಕ್ಕೆ ಬಡಿಯುತ್ತಿದೆ. ತನ್ನ ಹಾಡಿಗೇ ಹಕ್ಕಿ ಕುಣಿಯುತ್ತಿದೆ ಅಂತ ಹುಡುಗನಿಗೆ ಖುಷಿ.

“ಹುಡ್ಗನ ಹಿಂದೆ ನೋಡು,” ಅಂತ ಅಪ್ಪ ಬೆರಳು ಮುಂದೆ ಮಾಡಿದರು. ಪೀ ಅಂತ ಸದ್ದಾಯಿತು. ಚಿತ್ರಕ್ಕೆ ತೀರಾ ಹತ್ತಿರ ಹೋದರೆ ಕೂಗುವ ಯಂತ್ರ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಬೆರಳನ್ನು ಹಾಗೇ ಮಡಚಿ ನಮಸ್ಕಾರ ಮಾಡಿದರು. ಅವರು ತೋರಿಸಿದ್ದು ಕುರ್ಚಿಯ ಬೆನ್ನಿಗೆ ಉಗುರು ಹಾಕಿ ನಿಂತ ಬೆಕ್ಕನ್ನು. ಅದರ ಕಣ್ಣು ಪಂಜರದ ಮೇಲಿದೆ. ಹಕ್ಕಿ ಕುಣಿಯುತ್ತಿರುವುದು ಹೆದರಿ.

ಕಾವಲಿಗಿದ್ದವರು ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಜಾಫ್ನಾ ಕಡೆಯವರಂತೆ, ಅಪ್ಪನ ವಯಸ್ಸು ನೋಡಿ ಮೆತ್ತಗಾದರು. “ಗಡಿಯಾರ ನೋಡಿದಿರಾ?” ಅಂತ ಕೇಳಿದರು. ಎಡಗಡೆ, ಮಗುವಿನ ಹಿಂದೆ, ಕತ್ತಲಲ್ಲಿ ಒಂದು ಗಡಿಯಾರ. ಅದರ ನೆತ್ತಿಯ ಮೇಲೆ ರೆಕ್ಕೆಯ ಪುಟ್ಟ ಹುಡುಗ, ಕೈಯಲ್ಲಿ ಕುಡುಗೋಲು. ಯುರೋಪಿನಲ್ಲಿ ಕಾಲಪುರುಷನ ಆಯುಧ ಅದು, ನಮ್ಮ ಯಮನ ಪಾಶವಿದ್ದ ಹಾಗೆ. ಮಗುವಿನ ಕಾಲ ಬಳಿ ಎರಡು ಹೂವು ಅಡ್ಡಡ್ಡ ಬಿದ್ದಿವೆ. ಚಿತ್ರ ಮುಗಿಯುವ ಹೊತ್ತಿಗೆ ಆ ಮಗು ಥಾಮಸ್ ಬದುಕಿರಲಿಲ್ಲ.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, “ನನ್ನತ್ರಾನೂ ಬರೋರು. ಹೋದ ಮಗೀನ ಫೋಟೊ ತಗೊಡಿ ಅಂತ. ಹೋಗಿ ತಗೀತಿದ್ದೆ. ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ಲಲ್ಲಿ ಕಣ್ಣು ತೆರೆಸ್ತಿದ್ದೆ.” ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಇದು ಗೊತ್ತೇ ಇರಲಿಲ್ಲ.

ಗೇನ್ಸ್‌ಬರೋನ ‘ಆಂಡ್ರೂಸ್ ದಂಪತಿ’ ನನ್ನ ಆಸೆಯ ಚಿತ್ರ. ಸುಮಾರು 1750ರದು. ಎಡಕ್ಕೆ ಓಕ್ ಮರದ ಕೆಳಗೆ ಗಂಡ ಹೆಂಡತಿ, ಬಲಕ್ಕೆ ಅವರ ಹೊಲ. ಗಂಡನ ತೋಳಿನ ಸಂದಿಯಲ್ಲಿ ಕೋವಿ, ಕಾಲ ಬಳಿ ನಾಯಿ. ನಿಂತ ರೀತಿಯಲ್ಲೇ ಸಾಹುಕಾರ. ಪೈರಿನ ಕಂತೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಇವನು ಹೊಸ ರೀತಿಯ ಬೇಸಾಯಗಾರ ಅಂತ ಅವು ಹೇಳುತ್ತವೆ, ಮನೆ ತುಂಬ ಮಕ್ಕಳಾಗಲಿ ಅಂತಲೂ ಹೇಳುತ್ತವೆ. ಹೆಂಡತಿಗಿನ್ನೂ ಇಪ್ಪತ್ತಾಗಿರಲಿಲ್ಲ. ನೀಲಿ ರೇಷ್ಮೆಯಲ್ಲಿ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಾಳೆ. ಮಡಿಲಲ್ಲಿ ಮಾತ್ರ ಬಣ್ಣವೇ ಇಲ್ಲ. ಬರೀ ಖಾಲಿ ಕ್ಯಾನ್ವಾಸು.

ಅಲ್ಲಿ ಏನು ಬರಬೇಕಿತ್ತು ಅಂತ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಗಂಡ ಹೊಡೆದ ಹಕ್ಕಿ, ಪುಸ್ತಕ, ಹೊಲಿಗೆ, ಹುಟ್ಟಲಿರುವ ಮಗು. ಅಪ್ಪನಿಗೆ ಸಂಶಯವೇ ಇಲ್ಲ. “ಮಗು. ಹೊಸದಾಗಿ ಮದ್ವೆಯಾದೋರು ಫೋಟೊ ತೆಗೆಸ್ಕೊಂಡು, ‘ಇನ್ನೊಂದು ವರ್ಷ ಬಿಟ್ಟು ಬರ್ತೀವಿ, ಇದೇ ಪೋಸು ಇರ್ಲಿ’ ಅಂತಿದ್ರು.” ಕಾವಲಿನವರಿಗೆ ಹೇಳಿದೆ. ದಿನಕ್ಕೆ ಹತ್ತು ಜನರಾದರೂ ಆ ಮಡಿಲಿನ ಬಗ್ಗೆ ಕೇಳುತ್ತಾರಂತೆ, ಫೋಟೊಗ್ರಾಫರ್ ಒಬ್ಬರು ಹೇಳಿದ್ದು ಇದೇ ಮೊದಲಂತೆ.

ಮೂರನೆಯ ದಿನ, ಸೋಮವಾರ

ಇವತ್ತು ಫೌಂಡ್ಲಿಂಗ್ ಮ್ಯೂಸಿಯಂ ಅಂತ ಬೆಳಿಗ್ಗೆಯೇ ಚಿತ್ರಾನ್ನ ಕಟ್ಟಿಸಿಕೊಂಡು ಹೊರಟೆವು. ಹೋದರೆ ಬಾಗಿಲು ಹಾಕಿದೆ. ಸೋಮವಾರ ರಜೆ. ತಪ್ಪು ಪೂರ್ತಿ ನನ್ನದೇ, ಫೋನಿನಲ್ಲಿ ಒಂದು ಸಲ ನೋಡಿದ್ದರೆ ಮುಗಿದಿತ್ತು. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟ. ಎರಡು ಬಸ್ಸು ಬದಲಿಸಿ ಟೇಟ್ ಬ್ರಿಟನ್‌ಗೆ ಹೋದೆವು. ಅದು ಸೋಮವಾರವೂ ತೆರೆದಿರುತ್ತೆ, ಪುಕ್ಕಟೆ ಬೇರೆ.

ಇಲ್ಲಿ ಕೋಟಿನ ಕಥೆ ಶುರುವಾಯಿತು. ವೇಸ್ಟ್‌ಕೋಟಿನ ಗುಂಡಿ ಸಂದಿಯಲ್ಲಿ ಕೈ ತೂರಿಸಿಕೊಂಡ ದೊಡ್ಡ ಮನುಷ್ಯರು ಆ ಕಾಲದ ಚಿತ್ರಗಳಲ್ಲಿ ಲೆಕ್ಕವಿಲ್ಲದಷ್ಟು. ನೆಪೋಲಿಯನ್ ಅಂದರೆ ನಮಗೆ ನೆನಪಾಗುವ ಪೋಸು, ಅವನು ಹುಟ್ಟುವ ಎಷ್ಟೋ ಮೊದಲೇ ಇಂಗ್ಲೆಂಡಿನಲ್ಲಿ ಹಳೆಯದಾಗಿತ್ತು. “ಕೈ ಬರೆಯೋಕೆ ಬರ್ದೇ ಇದ್ದೋರು ಹಿಂಗ್ ಮಾಡವ್ರೆ,” ಅಂತ ಅಪ್ಪ ತೀರ್ಪು ಕೊಟ್ಟರು. ಈ ತಮಾಷೆ ಆಗಲೂ ಇತ್ತು. ಆದರೆ ಅದಕ್ಕೊಂದು ಅರ್ಥವೂ ಇತ್ತು. ಹಳೆಯ ಗ್ರೀಕ್ ಭಾಷಣಕಾರರು ಕೈಯನ್ನು ಹೊದಿಕೆಯೊಳಗಿಟ್ಟು ಮಾತಾಡುವುದೇ ಮರ್ಯಾದೆ ಅಂದುಕೊಂಡಿದ್ದರು. 1737ರಲ್ಲಿ ನಿವೆಲಾನ್ ಎಂಬ ನೃತ್ಯದ ಮೇಷ್ಟ್ರು ಸಭ್ಯರು ಹೇಗೆ ನಿಲ್ಲಬೇಕು, ಹೇಗೆ ನಡೆಯಬೇಕು ಅಂತ ಚಿತ್ರ ಸಮೇತ ಪುಸ್ತಕವನ್ನೇ ಮಾಡಿದ. ಕೋಟಿನೊಳಗಿನ ಕೈ ಅಂದರೆ ಧೈರ್ಯ ಇದೆ, ಆದರೆ ಮೆರೆಯುವುದಿಲ್ಲ ಅಂತ. ನಾವು ಹಿರಿಯರ ಮುಂದೆ ಕೈ ಕಟ್ಟಿ ನಿಲ್ಲುವುದಿಲ್ಲವೇ, ಅದರ ಸಾಹುಕಾರ ತಮ್ಮ.

ಬಟ್ಟೆಯ ವಿಷಯ ಹೇಳಿದಾಗ ಅಪ್ಪ ಬೆಂಚಿನ ಮೇಲೆ ಕೂತೇಬಿಟ್ಟರು. ಎಷ್ಟೋ ಕಲಾವಿದರು ಮುಖವನ್ನಷ್ಟೇ ಬರೆದು, ಬಟ್ಟೆ ಬರೆಯುವುದಕ್ಕೆ ಬೇರೆಯವರಿಗೆ ಕಳಿಸುತ್ತಿದ್ದರು. ಜೋಸೆಫ್ ವಾನ್ ಆಕೆನ್ ಎಂಬಾತ ಥಾಮಸ್ ಹಡ್ಸನ್‌ಗೂ ಬಟ್ಟೆ ಬರೆಯುತ್ತಿದ್ದ, ಅಲನ್ ರಾಮ್ಸೆಗೂ ಬರೆಯುತ್ತಿದ್ದ. ಹೀಗಾಗಿ ಬೇರೆ ಬೇರೆ ಕಲಾವಿದರ ಚಿತ್ರಗಳಲ್ಲಿ ಬೇರೆ ಬೇರೆ ಹೆಂಗಸರು ಅದೇ ಸ್ಯಾಟಿನ್ ಉಟ್ಟಿರುತ್ತಾರೆ. 1749ರಲ್ಲಿ ಅವನು ಸತ್ತಾಗ, ಇನ್ನು ಬಟ್ಟೆ ಬರೆಯುವವರು ಯಾರು ಅಂತ ಕಲಾವಿದರೆಲ್ಲ ಅಳುತ್ತಾ ಹೆಣದ ಹಿಂದೆ ಹೋಗುವ ಹಾಗೆ ಹೋಗಾರ್ತ್ ಒಂದು ಗೇಲಿ ಚಿತ್ರ ಬರೆದ. “ನಮ್ ಕರಿ ಕೋಟು!” ಅಂತ ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಪಕ್ಕದಲ್ಲಿ ಸ್ಕೆಚ್ ಮಾಡುತ್ತಿದ್ದ ಹುಡುಗಿಯೂ ಏನೂ ಗೊತ್ತಾಗದೆ ನಕ್ಕಳು.

ದರದಲ್ಲೂ ಸ್ಟುಡಿಯೊ ಲೆಕ್ಕವೇ. 1782ರಲ್ಲಿ ಜೋಶುವಾ ರೆನಾಲ್ಡ್ಸ್‌ನ ರೇಟು ಮುಖಕ್ಕೆ 50 ಗಿನಿ (ಆಗಿನ ಚಿನ್ನದ ನಾಣ್ಯ), ಅರ್ಧ ದೇಹಕ್ಕೆ 100, ಪೂರ್ತಿ ನಿಂತರೆ 200. ಅಪ್ಪನದು ಪಾಸ್‌ಪೋರ್ಟ್, ಕ್ಯಾಬಿನೆಟ್, ಫುಲ್.

ಜೋಸೆಫ್ ರೈಟ್ 1781ರಲ್ಲಿ ಬರೆದ ಬ್ರೂಕ್ ಬೂತ್‌ಬಿಯ ಚಿತ್ರ ಒಂದು ವಿಚಿತ್ರ. ಒಳ್ಳೆ ಹೊಲಿಸಿದ ಬಟ್ಟೆಯಲ್ಲಿ ಶ್ರೀಮಂತನೊಬ್ಬ ಕಾಡಿನಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿದ್ದಾನೆ. ತಲೆ ಕೈಗೆ ಆನಿಸಿದೆ. ಇನ್ನೊಂದು ಕೈಯಲ್ಲಿ ಪುಸ್ತಕ, ಅದರ ಬೆನ್ನಿನ ಮೇಲೆ ಆ ಕಾಲದ ಚಿಂತಕ ರೂಸೋನ ಹೆಸರು. ರೂಸೋನ ಬರಹವೊಂದನ್ನು ಹಿಂದಿನ ವರ್ಷ ಅಚ್ಚು ಹಾಕಿಸಿದವನೇ ಇವನು. ತಲೆಗೆ ಕೈ ಕೊಡುವುದು ಅಲ್ಲಿಯವರಿಗೆ ವಿಷಾದದ ಗುರುತು, ಯೋಚನೆಯಲ್ಲಿ ಮುಳುಗಿದವನ ಗುರುತು. ಅಪ್ಪ ನೋಡಿದವರೇ, “ಶ್ರೀರಂಗಪಟ್ಟಣದ ರಂಗನಾಥ!” ಅಂದರು. ಹೌದಲ್ವಾ! ಅದೇ ಭಂಗಿ, ಅರ್ಥ ಮಾತ್ರ ಎಲ್ಲೋ. ನಮ್ಮವನು ಲೋಕವನ್ನು ಕಾಯುತ್ತಾ ಮಲಗಿದ್ದಾನೆ, ಇವನು ಲೋಕದಿಂದ ತಪ್ಪಿಸಿಕೊಂಡು ಮಲಗಿದ್ದಾನೆ.

ಸಂಜೆ ಲ್ಯಾಂಬೆತ್ ಸೇತುವೆ ದಾಟಿದೆವು. ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಟೇಟ್‌ಗೆ ಹೋದ ಕನ್ನಡಿಗರು ನದಿ ದಾಟಿದರೆ ಸಾಕು, ನಡೆದೇ ಹೋಗಬಹುದು. ಗಾಳಿಗೆ ಛತ್ರಿ ಉಲ್ಟಾ ಆಗಿ ಒಂದು ಕಡ್ಡಿ ಮುರಿಯಿತು. ಅಪ್ಪ “ಶರಣು” ಅಂತ ಕೈ ಮುಗಿದು ನಿಂತರು. ಆಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಎದೆವರೆಗೆ ಮಾತ್ರ ಮಾಡವ್ರೆ. ಕೈ ಎಲ್ಲಿಡೋದು ಅನ್ನೋ ತಲೆನೋವೇ ಇಲ್ಲ,” ಅಂದರು. ಅಲ್ಲೇ ಬೆಂಚಿನ ಮೇಲೆ ಕೂತು ತಣ್ಣಗಾದ ಚಿತ್ರಾನ್ನ ತಿಂದೆವು.

ನಾಲ್ಕನೆಯ ದಿನ, ಮಂಗಳವಾರ

ಮತ್ತೆ ಬ್ರನ್ಸ್‌ವಿಕ್ ಸ್ಕ್ವೇರಿನ ಫೌಂಡ್ಲಿಂಗ್ ಮ್ಯೂಸಿಯಂ. ಇವತ್ತು ಬಾಗಿಲು ತೆರೆದಿತ್ತು. ಇಲ್ಲಿ ಟಿಕೆಟ್ ಇದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಥಾಮಸ್ ಕೋರಮ್ ಹಡಗಿನವನು. ಲಂಡನ್ನಿನ ಬೀದಿಗಳಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಲಾರದೆ, ಅವಕ್ಕೊಂದು ಆಸರೆ ಕಟ್ಟಬೇಕು ಅಂತ 17 ವರ್ಷ ಅಲೆದ. ಗಂಡಸರು ಕಿವಿಗೆ ಹಾಕಿಕೊಳ್ಳದಿದ್ದಾಗ ಶ್ರೀಮಂತ ಮನೆತನಗಳ 21 ಹೆಂಗಸರ ಸಹಿ ಹಾಕಿಸಿದ. ಕೊನೆಗೆ 1739ರಲ್ಲಿ ರಾಜನ ಸನ್ನದು ಸಿಕ್ಕಿತು. ಮರುವರ್ಷ ಹೋಗಾರ್ತ್ ಅವನ ಚಿತ್ರ ಬರೆದು ಆ ಸಂಸ್ಥೆಗೇ ಕೊಟ್ಟ.

ಆಳೆತ್ತರದ ಚಿತ್ರ. ಹಿಂದೆ ಕಂಬ, ಪಕ್ಕದಲ್ಲಿ ಇಳಿಬಿಟ್ಟ ಪರದೆ. ಆ ಕಾಲದಲ್ಲಿ ಕಂಬ, ಪರದೆ ರಾಜರಿಗೆ, ಸಾಹುಕಾರರಿಗೆ ಮಾತ್ರ. ಹೋಗಾರ್ತ್ ಅದರ ಮುಂದೆ ಒಬ್ಬ ಮುದಿ ಹಡಗಿನವನನ್ನು ಕೂರಿಸಿದ್ದಾನೆ. ತಲೆಗೆ ವಿಗ್ ಇಲ್ಲ, ತನ್ನದೇ ಬಿಳಿ ಕೂದಲು. ಕೆಂಪು ಕೋಟು. ಬಲಗೈಯಲ್ಲಿ ಸನ್ನದಿನ ಮುದ್ರೆ, ಎಡಗೈಯಲ್ಲಿ ಕೈಗವಸುಗಳು. ಕಾಲ ಬಳಿ ಗೋಳ, ಅಟ್ಲಾಂಟಿಕ್ ಸಾಗರ ನಮ್ಮ ಕಡೆ ತಿರುಗಿದೆ, ಅವನು ದುಡಿದ ನೀರು ಅದು. ದೂರದಲ್ಲಿ ಹಡಗುಗಳು. ಆದರೆ ನನಗೆ ಅವನ ಕಾಲೇ ಕಣ್ಣಿಗೆ ಬಿತ್ತು. ಕುರ್ಚಿ ದೊಡ್ಡದು, ಕಾಲು ಗಿಡ್ಡ, ಪಾದ ನೆಲಕ್ಕೆ ಸರಿಯಾಗಿ ಊರಿಲ್ಲ. ಅಪ್ಪ ಮೆಚ್ಚಿಕೊಂಡರು. “ನಾನಾಗಿದ್ರೆ ಕೆಳಗೆ ಮಣೆ ಕೊಡ್ತಿದ್ದೆ. ಇವ್ನು ಕೊಟ್ಟಿಲ್ಲ. ಬೇಕು ಅಂತ್ಲೇ ಕೊಟ್ಟಿಲ್ಲ.”

ಕೆಳಗಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳು. ಮಗುವನ್ನು ಬಿಟ್ಟು ಹೋಗುವ ತಾಯಿ ಗುರುತಿಗೆ ಏನಾದರೂ ಒಂದು ವಸ್ತು ಇಡುತ್ತಿದ್ದಳು, ಮುಂದೆ ವಾಪಸು ಕೇಳಲು ಬಂದರೆ ತೋರಿಸುವುದಕ್ಕೆ. ತೂತು ಹಾಕಿದ ನಾಣ್ಯ, ಗುಂಡಿ, ಒಂದು ಹೇಜಲ್ ಕಾಯಿಯ ಸಿಪ್ಪೆ. ವಾಪಸು ಹೋದ ಮಕ್ಕಳು ಬಹಳ ಕಡಿಮೆ. ಸೇರಿಸುವುದೂ ಸುಲಭವಿರಲಿಲ್ಲ. ಜಾಗಕ್ಕಿಂತ ಮಕ್ಕಳು ಹೆಚ್ಚಾದಾಗ ತಾಯಂದಿರು ಸಾಲಾಗಿ ನಿಂತು ಚೀಲಕ್ಕೆ ಕೈ ಹಾಕಿ ಗೋಲಿ ತೆಗೆಯಬೇಕಿತ್ತು. ಬಿಳಿ ಬಂದರೆ ಮಗುವನ್ನು ತಗೊಳ್ಳುತ್ತಾರೆ, ಕೆಂಪಿಗೆ ಕಾಯಬೇಕು, ಕರಿಗೆ ವಾಪಸು. ಅಲ್ಲಿ ಸ್ವಯಂಸೇವಕಿಯಾಗಿದ್ದ ಅಜ್ಜಿಯೊಬ್ಬರು ಇದನ್ನು ಹೇಳುವಾಗ ತಮ್ಮ ಕೈಯನ್ನೇ ಚೀಲಕ್ಕೆ ಹಾಕುವ ಹಾಗೆ ಮಾಡಿ ತೋರಿಸಿದರು. ಮೇಲಿನ ಚಿತ್ರದಲ್ಲಿ ಆ ಕೈಗಳಿಲ್ಲ. 200 ಗಿನಿ ಕೊಡುವವರು ಅವರಲ್ಲವಲ್ಲ.

ಊಟಕ್ಕೆ ಅಂತ ಹತ್ತಿರದ ಕೋರಮ್ಸ್ ಫೀಲ್ಡ್ಸ್ ಪಾರ್ಕಿಗೆ ಹೋದರೆ ಗೇಟಿನಲ್ಲಿ ತಡೆದರು. ಮಗು ಜೊತೆಗಿಲ್ಲದೆ ದೊಡ್ಡವರು ಒಳಗೆ ಹೋಗುವಂತಿಲ್ಲ! ಕೂಸುಗಳ ಆಸರೆಯಿದ್ದ ಜಾಗವೇ ಅದು, ಈಗಲೂ ಮಕ್ಕಳದ್ದೇ ರಾಜ್ಯ. ಅಪ್ಪ ನನ್ನನ್ನು ತೋರಿಸಿ, ಇದೇ ನನ್ನ ಮಗು ಅಂದರು. ಗೇಟಿನ ಹುಡುಗ ಮನಸಾರೆ ನಕ್ಕ, ಒಳಗೆ ಮಾತ್ರ ಬಿಡಲಿಲ್ಲ. ಒಂದು ಕೆಫೆಗೆ ಹೋಗಿ ಬೇಯಿಸಿದ ಆಲೂಗಡ್ಡೆ ತಗೊಂಡೆವು, ಮೇಲೆ ಸಿಹಿ ಟೊಮೆಟೊ ಗೊಜ್ಜಿನಲ್ಲಿ ಮುಳುಗಿದ ಕಾಳು. ಅಪ್ಪ ಜೇಬಿನಿಂದ ಚಟ್ನಿಪುಡಿ ಪೊಟ್ಟಣ ತೆಗೆದರು. ಆಮೇಲೆ ಚೆನ್ನಾಗಿತ್ತು.

ಐದನೆಯ ದಿನ, ಬುಧವಾರ

ಗೇನ್ಸ್‌ಬರೋ ಹುಟ್ಟಿದ ಊರು ಸಫೋಕ್‌ನ ಸಡ್ಬರಿ. ಲಿವರ್‌ಪೂಲ್ ಸ್ಟ್ರೀಟಿನಿಂದ ಮಾರ್ಕ್ಸ್ ಟೇಗೆ ಹೋಗಿ, ಅಲ್ಲಿ ಪುಟ್ಟ ರೈಲಿಗೆ ಬದಲಿಸಬೇಕು. ಬೆಳಗಿನ ನೂಕುನುಗ್ಗಲು ಕಳೆದ ಮೇಲೆ ಹೊರಟರೆ ಟಿಕೆಟ್ ಅಗ್ಗ. ಪುಟ್ಟ ರೈಲು ಗಂಟೆಗೊಂದೇ. ಅಪ್ಪ ಶೂ ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ನಮ್ಮದು ಕಣ್ಣ ಮುಂದೆಯೇ ಹೋಯಿತು. ಖಾಲಿ ಪ್ಲಾಟ್‌ಫಾರಂ, ಬಿಸಿಲು, ಕೊಯ್ಲು ಮುಗಿದ ಹೊಲದ ವಾಸನೆ. ಕೊಬ್ಬರಿ ಬೆಲ್ಲ ತಿಂದು ಒಂದು ಗಂಟೆ ಕಳೆದೆವು.

ಮುಂದಿನ ರೈಲಿನಲ್ಲಿ ಎದುರಿಗೆ ಕೂತ ರೈತ ತಾತ ಚ್ಯಾಪೆಲ್ ಸೇತುವೆ ಬರುವಾಗ ನಮಗೆ ಕಿಟಕಿ ಬಿಟ್ಟುಕೊಟ್ಟರು. 32 ಕಮಾನುಗಳ ಇಟ್ಟಿಗೆ ಸೇತುವೆ. ಅದರ ಮೇಲೆಯೇ ಹೋಗುತ್ತಿದ್ದುದರಿಂದ ನಮಗೆ ಒಂದು ಕಮಾನೂ ಕಾಣಲಿಲ್ಲ, ಅದು ಬೇರೆ ಮಾತು. ಬಯಲು, ಮರಗಳ ಸಾಲು, ದೊಡ್ಡ ಬಿಳಿ ಮೋಡ. ಆಂಡ್ರೂಸ್ ದಂಪತಿಯ ಹಿಂದಿನ ಹೊಲ ಇದೇ ಸೀಮೆಯದು. 1748ರಲ್ಲಿ ಅವರ ಮದುವೆಯಾದದ್ದೂ ಸಡ್ಬರಿಯ ಆಲ್ ಸೇಂಟ್ಸ್ ಚರ್ಚಿನಲ್ಲೇ.

ಗೇನ್ಸ್‌ಬರೋನ ಮನೆ ಈಗ ಮ್ಯೂಸಿಯಂ. ಅಪ್ಪ ಚಿತ್ರಗಳಿಗಿಂತ ಹಿತ್ತಲಲ್ಲೇ ಜಾಸ್ತಿ ಹೊತ್ತು ಕಳೆದರು. ಅಲ್ಲೊಂದು ಹಿಪ್ಪುನೇರಳೆ ಮರವಿದೆ, ಸುಮಾರು 400 ವರ್ಷದ್ದಂತೆ. ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ನಮ್ಮ ಕಡೆಯ ಗಿಡವನ್ನೇ ನೋಡಿದವರಿಗೆ ಇದು ಹಿಪ್ಪುನೇರಳೆ ಅಂತ ನಂಬುವುದೇ ಕಷ್ಟ. ಅಪ್ಪ ಎಲೆ ಮುಟ್ಟಿ ನೋಡಿ, “ಒರಟು. ಹುಳ ತಿನ್ನಲ್ಲ,” ಅಂದರು. ಹಣ್ಣು ಆಯುತ್ತಿದ್ದ ಹೆಂಗಸು ಅಂಗೈ ತೋರಿಸಿದರು, ಕಡುಗೆಂಪು. ಇದು ಕರಿ ಹಿಪ್ಪುನೇರಳೆ, ರೇಷ್ಮೆ ಹುಳಕ್ಕೆ ಬಿಳಿ ಜಾತಿಯ ಎಲೆಯೇ ಚೆಂದ. ಒಂದನೇ ಜೇಮ್ಸ್ ರಾಜ ರೇಷ್ಮೆ ಬೆಳೆಸುತ್ತೇನೆ ಅಂತ ದೇಶದ ತುಂಬ ನೆಡಿಸಿದ್ದು ಈ ಜಾತಿಯನ್ನೇ. ಆದರೂ ರೇಷ್ಮೆ ನೇಯುವುದು ಸಡ್ಬರಿಯಲ್ಲಿ ಇವತ್ತಿಗೂ ಇದೆ. ನಾನು ಉಟ್ಟಿದ್ದ ಮೈಸೂರು ರೇಷ್ಮೆಯ ಹಳೇ ಸೀರೆಯ ಸೆರಗನ್ನು ಆಕೆ ಕೈಯ ಹಿಂಭಾಗದಿಂದ ಮುಟ್ಟಿ ನೋಡಿದರು, ಅಂಗೈ ಬಣ್ಣ ತಗುಲದ ಹಾಗೆ.

ಗೇನ್ಸ್‌ಬರೋ ತನ್ನ ಮೇಜಿನ ಮೇಲೆ ಕಲ್ಲಿನ ಚೂರು, ಒಣ ಗಿಡ, ಕನ್ನಡಿ ತುಂಡು ಜೋಡಿಸಿ, ಅದನ್ನು ನೋಡಿ ಬೆಟ್ಟ, ಮರ, ನೀರು ಬರೆಯುತ್ತಿದ್ದನಂತೆ. ಅವನ ಎದುರಾಳಿ ರೆನಾಲ್ಡ್ಸೇ ಇದನ್ನು ಹೇಳಿದ್ದಾನೆ. ಅಪ್ಪನಿಗೆ ತಮ್ಮ ಪರದೆಯ ಕೆರೆ, ಹಂಸದ ಬಗ್ಗೆ ಇದ್ದ ಅಳುಕು ಅವತ್ತು ಹೋಯಿತು. ವಾಪಸು ಬರುವಾಗ ರೈಲು ತಪ್ಪಲಿಲ್ಲ. ಅಪ್ಪನ ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗ ಹಾಕಿಕೊಂಡಿದ್ದರೋ ಹಣ್ಣು, ಒಡೆದು ಎದೆಯ ಮೇಲೆ ಗುಂಡು ಬಿದ್ದ ಹಾಗೆ ಕಲೆ. ಹ್ಯಾರೋದವರೆಗೂ ಜನ ನೋಡುತ್ತಲೇ ಇದ್ದರು.

ಆರನೆಯ ದಿನ, ಗುರುವಾರ

ಜೋರು ಮಳೆ. ಎಲ್ಲೂ ಹೋಗಲಿಲ್ಲ. ತಂಗಿ ಬಿಸಿಬೇಳೆ ಬಾತ್ ಮಾಡಿದಳು. ಸಂಜೆ ಫೋನಿನಲ್ಲಿ ಅವರಿಗೆ ಮೈಸೂರಿನ ಒಂದು ಚಿತ್ರ ತೋರಿಸಿದೆ. ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದದ್ದು, ಮೂವರು ರಾಜವಂಶದ ಹೆಂಗಸರು. ಬಲಗಡೆಯವಳು ಸೆರಗನ್ನು ಬೆರಳಲ್ಲಿ ಹಿಡಿದು ರಟ್ಟೆಯ ಕಡೆ ಗಮನ ಸೆಳೆಯುತ್ತಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಹೊಸದಾಗಿ ಬಂದಿದ್ದ ಸಿಡುಬಿನ ಲಸಿಕೆ ಚುಚ್ಚಿಸಿಕೊಂಡ ಜಾಗವನ್ನು ಅಂತ ಒಬ್ಬ ಇತಿಹಾಸಕಾರರ ವಾದ. “ಹಂಗಾದ್ರೆ ಇದು ಫೋಟೊ ಅಲ್ಲ ಕಣವ್ವ, ಜಾಹೀರಾತು,” ಅಂದರು ಅಪ್ಪ.

ಏಳನೆಯ ದಿನ, ಶುಕ್ರವಾರ

ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂಗೆ ನಮ್ಮ ಪ್ರವಾಸಿಗರು ಹೋಗುವುದು ಕಡಿಮೆ. ಟಿಪ್ಪುವಿನ ಹುಲಿ ಬೊಂಬೆ ಇರುವ ಮ್ಯೂಸಿಯಂ ಬೇರೆ, ಅಲ್ಲಿ ಯಾವಾಗಲೂ ಜನ. ಇಲ್ಲಿ ಶಾಲಾ ಮಕ್ಕಳ ಒಂದು ಗುಂಪು, ನಾವು, ಅಷ್ಟೇ. ನಾನು ಹುಡುಕಿಕೊಂಡು ಬಂದದ್ದು ರಾಬರ್ಟ್ ಹೋಮ್‌ನ ಚಿತ್ರವನ್ನು.

1792ರ ಫೆಬ್ರುವರಿ. ಮೂರನೇ ಮೈಸೂರು ಯುದ್ಧ ಮುಗಿದಿದೆ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು. ಅದು ತೀರುವವರೆಗೆ ಒತ್ತೆಯಾಗಿ ಇಬ್ಬರು ಮಕ್ಕಳು. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನ್‌ಗೆ ಎಂಟು. ಹೋಮ್ ಆಗ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ಇದ್ದ. ಚಿತ್ರದ ಅಂಚಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ, ಕೈಯಲ್ಲಿ ಚಿತ್ರಗಳ ಕಟ್ಟು. ಅಪ್ಪನಿಗೆ ಅದು ಸರಿ ಕಾಣಲಿಲ್ಲ. ಫೋಟೊ ತೆಗೆಯುವವನು ಫೋಟೊದಲ್ಲಿ ಬರಬಾರದು ಅನ್ನುವುದು ಅವರ ಕಾನೂನು.

ನಡುವೆ ಕೆಂಪು ಕೋಟಿನ ಕಾರ್ನ್‌ವಾಲಿಸ್. ಬಿಳಿ ಮಸ್ಲಿನ್ ಉಟ್ಟ ಹುಡುಗನ ಕೈ ಹಿಡಿದಿದ್ದಾನೆ. ಸುತ್ತ ಸೈನಿಕರು, ಆನೆಗಳು. ಇಂಗ್ಲೆಂಡಿನಲ್ಲಿ ಈ ಘಟನೆಯನ್ನು ಬೇರೆ ಬೇರೆ ಕಲಾವಿದರು ಮತ್ತೆ ಮತ್ತೆ ಬರೆದರು, ಅಚ್ಚು ಹಾಕಿಸಿ ಮಾರಿದರು. ಎಲ್ಲರಿಗೂ ಬೇಕಾಗಿದ್ದದ್ದು ಆ ಒಂದು ಕೈ. ಹುಡುಗರಿಗೆ ತಂದೆಯ ಹಾಗೆ ಕೈ ನೀಡಿದ ಅಂತ ಅನ್ನಿಸಬೇಕು. ಯುದ್ಧ, ಸಾಲ, ಒತ್ತೆ, ಎಲ್ಲ ಆ ಕೈಯ ಹಿಂದೆ ಹೋಗಿಬಿಡುತ್ತೆ. ಗ್ರಹಾಂ ಮಕ್ಕಳ ಅಕ್ಕ ತಮ್ಮನ ಕೈ ಹಿಡಿದದ್ದೂ ಹೀಗೆಯೇ ಅಲ್ವಾ?

“ಎಷ್ಟು ದಿವ್ಸ ಇಟ್ಕೊಂಡಿದ್ರು ಮಕ್ಕಳನ್ನ?”

“1794ರಲ್ಲಿ ವಾಪಸ್ ಕಳಿಸಿದ್ರು. ಎರಡು ವರ್ಷ, ಮದ್ರಾಸಿನಲ್ಲಿ.”

ಅಪ್ಪ ತುಂಬ ಹೊತ್ತು ನೋಡಿದರು. ಈ ಸಲ ಬೆರಳು ಮುಂದೆ ಮಾಡಲಿಲ್ಲ.

“ಸಣ್ಣ ಮಕ್ಕಳ ಫೋಟೊ ತೆಗೆಯೋವಾಗ ತಾಯಿನ ಕುರ್ಚಿ ಹಿಂದೆ ಕೂರಿಸ್ತಿದ್ದೆ. ಮೇಲೆ ಬಟ್ಟೆ ಮುಚ್ಚಿ, ಕೈ ಒಂದು ಬಿಟ್ಟು. ಮಗು ಅಲ್ಲಾಡ್ದಂಗೆ ಹಿಡ್ಕೊಳೋಕೆ. ಆಮೇಲೆ ಕತ್ತರಿಸ್ತಿದ್ದೆ, ಇಲ್ಲ ಟಚಿಂಗ್‌ನಲ್ಲಿ ತೆಗೀತಿದ್ದೆ. ಮಗು ತಾನೇ ಕೂತಿದೆ ಅನ್ನಿಸ್ಬೇಕಲ್ಲ.” ಒಂದು ಕ್ಷಣ ಬಿಟ್ಟು, “ನಿಂದ್ರಲ್ಲಿ ಮಾತ್ರ ಬಿಟ್ಟಿದೀನಿ,” ಅಂದರು.

ಹೊರಗೆ ಬಂದಾಗ ಮಳೆ ನಿಂತಿತ್ತು. ಬಸ್ಸಿನಲ್ಲಿ ಅಪ್ಪ ನಿದ್ದೆ ಹೋದರು. ಮೂಲೆ ಕಡ್ಡಿ ಮುರಿದ ಛತ್ರಿಯನ್ನು ಅಲ್ಲೇ ಮರೆತು ಇಳಿದೆವು.

ಊರಿಗೆ ಬಂದ ಮಾರನೇ ವಾರ ತಿಪಟೂರಿಗೆ ಹೋಗಿ ಟ್ರಂಕ್ ತೆಗೆದೆ. ಕಪ್ಪು ಬಿಳುಪು, ಕ್ಯಾಬಿನೆಟ್ ಸೈಜು. ಕೆತ್ತನೆಯ ಕುರ್ಚಿಯಲ್ಲಿ ಆರು ತಿಂಗಳ ನಾನು, ಕಣ್ಣಗಲಿಸಿಕೊಂಡು. ಪಕ್ಕೆಯ ಹತ್ತಿರ, ಕುರ್ಚಿಯ ಹಿಂದಿನಿಂದ ಬಂದ ನಾಲ್ಕು ಬೆರಳು, ಮಣಿಕಟ್ಟಿನವರೆಗೆ ಗಾಜಿನ ಬಳೆ. ಹಸಿರು ಬಳೆ ಅಂತಾರೆ ಅಪ್ಪ.